ಹಡಗಿಗೆ ಕೈ ಬೀಸಿದ ಮಧ್ಯಾಹ್ನ

(ಕಾರವಾರದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬಂದಿದ್ದ ಕೆಲವರು ಬರೆದು ಕೊಡಿ ಅಂದರು. ಆದಷ್ಟು ಆಡಿದ ಹಾಗೇ ಬರೆದಿದ್ದೇನೆ, ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಎಲ್ಲರಿಗೂ ಸಮುದ್ರ ಗೊತ್ತು. ಬೈತಖೋಲದ ಮೀನುಗಾರಿಕೆ ಬಂದರಿನಿಂದ ಬಂದವರಿಗಂತೂ ನನಗಿಂತ ಜಾಸ್ತಿ ಗೊತ್ತು. ಹಾಗಾಗಿ ನಾನು ಹೊಸದೇನೋ ಕಲಿಸುತ್ತೇನೆ ಅಂತ ಬಂದಿಲ್ಲ. ಬ್ಯಾಂಕಿನ ಕೆಲಸದಿಂದ ನಿವೃತ್ತಿಯಾದ ಮೇಲೆ ಒಬ್ಬಳೇ ಮಾಡಿದ ಪ್ರವಾಸದ ಬಗ್ಗೆ ಹೇಳಿ ಅಂತ ಕರೆದಿದ್ದೀರಿ. ಇಪ್ಪತ್ತು ದಿನ ತಿರುಗಿದ್ದೆ. ಅದರಲ್ಲಿ ಒಂದೇ ಒಂದು ಮಧ್ಯಾಹ್ನದ ಕತೆ ಹೇಳುತ್ತೇನೆ. ಉಳಿದ ಹತ್ತೊಂಬತ್ತೂವರೆ ದಿನ ಏನೇನು ನೋಡಿದೆ ಅನ್ನೋದಕ್ಕೆ ಫೋಟೊಗಳಿವೆ. ಆ ಮಧ್ಯಾಹ್ನದ್ದು ಮೂರೋ ನಾಲ್ಕೋ ಫೋಟೊ ಇರಬಹುದು ಅಷ್ಟೇ, ಆದರೆ ಇವತ್ತಿಗೂ ಕಣ್ಣು ಮುಚ್ಚಿದರೆ ಬರುವುದು ಅದೇ.

ಊರು ಹೆಲ್ಸಿಂಕಿ. ಫಿನ್‌ಲೆಂಡಿನ ರಾಜಧಾನಿ. ಜುಲೈ ತಿಂಗಳು.

ನಾನು ಅಲ್ಲಿಗೆ ಹೋದದ್ದು ಸ್ಟಾಕ್‌ಹೋಮಿನಿಂದ, ಹಡಗಿನಲ್ಲಿ. ಸಂಜೆ ಹತ್ತಿದರೆ ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಇಳಿಸುತ್ತಾರೆ. ಹತ್ತು ಅಂತಸ್ತಿನ ಕಟ್ಟಡವೇ ತೇಲಿಕೊಂಡು ಹೋದ ಹಾಗಿರುತ್ತದೆ. ಊರು ಹತ್ತಿರ ಬಂತು ಅಂತ ಎಲ್ಲರೂ ಮೇಲಿನ ಡೆಕ್ಕಿಗೆ ಬಂದೆವು. ನೋಡಿದರೆ ಹಡಗು ಎರಡು ದ್ವೀಪಗಳ ನಡುವಿನ ಸಣ್ಣ ಸಂದಿಯಲ್ಲಿ ನುಗ್ಗುತ್ತಿದೆ, ಎರಡೂ ಕಡೆಯ ಬಂಡೆಗಳು ಕೈಗೆ ಸಿಗುವಷ್ಟು ಹತ್ತಿರ. ಎಡಗಡೆ ಹಳೇ ಕೋಟೆ ಗೋಡೆ. ಅದರ ಕೆಳಗೆ ಬಂಡೆ ಮೇಲೆ ಒಬ್ಬ ಮುದುಕ ಫ್ಲಾಸ್ಕ್ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ನಮ್ಮ ಕಡೆ ಕೈ ಬೀಸಿದ. ಯಾರನ್ನೂ ಗುರುತಿಸಿ ಅಲ್ಲ, ಹಡಗಿಗೇ ಬೀಸಿದ್ದು. ನಾನೂ ಬೀಸಿದೆ. ಅವತ್ತು ಆ ಊರಿನಲ್ಲಿ ಏನು ನೋಡಬೇಕು ಅಂತ ಒಂದು ಪಟ್ಟಿ ಮಾಡಿಕೊಂಡಿದ್ದೆ, ಚರ್ಚು, ಮ್ಯೂಸಿಯಂ, ಅದು ಇದು. ಆ ಕ್ಷಣದಲ್ಲಿ ಪಟ್ಟಿ ಮಡಚಿಟ್ಟೆ. ಆ ಮನುಷ್ಯ ಕೂತಿದ್ದ ಜಾಗಕ್ಕೆ ಹೋಗಬೇಕು ಅನ್ನಿಸಿತು.

ಹಡಗು ಇಳಿದು, ಚೀಲವನ್ನು ಹೋಟೆಲಿನಲ್ಲಿಟ್ಟು, ಹನ್ನೆರಡರ ಹೊತ್ತಿಗೆ ಬಂದರಿನ ಮಾರುಕಟ್ಟೆಗೆ ಬಂದೆ. ಕೌಪ್ಪಟೋರಿ ಅಂತ ಅದರ ಹೆಸರು. ನೀರಿನ ಅಂಚಿಗೇ ಕಲ್ಲು ಹಾಸಿದ ಬಯಲು, ಅದರ ತುಂಬ ಕಿತ್ತಳೆ ಬಣ್ಣದ ಡೇರೆಗಳು. ಒಂದು ಪಕ್ಕ ದೋಣಿಗಳು. ಇನ್ನೊಂದು ಪಕ್ಕ ರಸ್ತೆ ದಾಟಿದರೆ ರಾಷ್ಟ್ರಪತಿ ಭವನ. ಹೌದು, ಮೀನು ಹುರಿಯುವ ಡೇರೆಯ ಎದುರಿಗೇ. ಹೊಗೆ, ವಾಸನೆ, ಸೀಗಲ್‌ಗಳ ಕಿರುಚಾಟ, ಎಲ್ಲ ಆ ಕಿಟಕಿಗಳಿಗೆ ನೇರವಾಗಿ ಹೋಗುತ್ತದೆ. ಸರ್ಕಾರ ಮತ್ತು ಮೀನುಪೇಟೆ ಇಷ್ಟು ಹತ್ತಿರ ಇರುವ ಊರನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಅಲ್ಲಿ ಹಸಿ ಬಟಾಣಿಯನ್ನು ಲೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಸ್ಟ್ರಾಬೆರಿಯೂ ಹಾಗೇ. ತಕ್ಕಡಿ ಇಲ್ಲ, ಅಳತೆಯ ಡಬ್ಬಿ. ಅದನ್ನು ನೋಡಿ ನನಗೆ ನಮ್ಮಜ್ಜಿಯ ಪಾವು, ಸೇರು ನೆನಪಾಯಿತು. ಅಂಗಡಿಯಾಕೆ ಡಬ್ಬಿ ತುಂಬಿಸಿ, ಮೇಲೆ ಒಂದು ಹಿಡಿ ಜಾಸ್ತಿ ಹಾಕಿದಳು. ಅಜ್ಜಿಯೂ ಹಾಗೇ ಮಾಡುತ್ತಿದ್ದಳು. ಬಟಾಣಿಯನ್ನು ಯಾರೂ ಮನೆಗೆ ಒಯ್ದು ಬೇಯಿಸುವುದಿಲ್ಲ, ಅಲ್ಲೇ ನಡೆಯುತ್ತಾ ಸಿಪ್ಪೆ ಬಿಡಿಸಿ ತಿನ್ನುತ್ತಾರೆ. ನಾನೂ ಹಾಗೇ ಮಾಡಿದೆ.

ಊಟಕ್ಕೆ ಮುಯಿಕ್ಕು ತೆಗೆದುಕೊಂಡೆ. ಬೆರಳುದ್ದದ ಮೀನು, ಸರೋವರದ್ದು. ರೈ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿಯುತ್ತಾರೆ, ಮುಳ್ಳು ಸಮೇತ ತಿನ್ನೋದು. ನಮ್ಮ ನೊಗ್ಲಿ ಮೀನನ್ನು ರವೆ ಹಾಕಿ ಹುರಿದ ಹಾಗೆ ಅಂದುಕೊಳ್ಳಿ, ಖಾರ ಮಾತ್ರ ಇಲ್ಲ. ಸೀಗಲ್ ಬಗ್ಗೆ ಹುಷಾರಾಗಿರಬೇಕು, ಅವು ನೇರ ತಟ್ಟೆಗೇ ಎರಗುತ್ತವೆ. ಪಕ್ಕದಲ್ಲಿದ್ದ ಹುಡುಗನ ತಟ್ಟೆಯಿಂದ ಸಾಲ್ಮನ್ ತುಂಡು ಹೋಗೇಬಿಟ್ಟಿತು. ಇದೇ ಬಂದರಿನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಹೆರಿಂಗ್ ಮೀನಿನ ಜಾತ್ರೆ ನಡೆಯುತ್ತದೆ, ದ್ವೀಪಗಳ ಮೀನುಗಾರರು ದೋಣಿಯಲ್ಲಿ ಬಂದು ದೋಣಿಯಲ್ಲೇ ನಿಂತು ಮಾರುತ್ತಾರೆ. 1743ರಿಂದ ನಡೆದುಕೊಂಡು ಬಂದಿದೆಯಂತೆ. ನಾನು ಹೋದದ್ದು ಜುಲೈ, ಹಾಗಾಗಿ ಅದು ತಪ್ಪಿತು.

ಊಟ ಮುಗಿಸಿ ನೀರಿನ ಹತ್ತಿರದ ಮೆಟ್ಟಿಲಿಗೆ ಹೋಗಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಎಲ್ಲಿ ಹೋದರೂ ನನಗೆ ಈ ಅಭ್ಯಾಸ. ಉಪ್ಪೇ ಇಲ್ಲ! ಅಂದರೆ ಇದೆ, ಮರೆತು ಚಿಟಿಕೆ ಹಾಕಿದ ಗಂಜಿಯಷ್ಟು. ಬಾಲ್ಟಿಕ್ ಸಮುದ್ರಕ್ಕೆ ನದಿಗಳ ನೀರು ಧಾರಾಳವಾಗಿ ಬರುತ್ತದೆ, ಮಹಾಸಾಗರಕ್ಕೆ ಹೋಗುವ ಬಾಗಿಲು ಮಾತ್ರ ಡೆನ್ಮಾರ್ಕ್ ಹತ್ತಿರದ ಸಣ್ಣ ಜಲಸಂಧಿಗಳು. ನಮ್ಮ ಅರಬ್ಬಿ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ ಅಲ್ಲಿ ಐದಾರು ಗ್ರಾಂ. ಅದಕ್ಕೇ ಸಮುದ್ರದ ವಾಸನೆಯೂ ಕಡಿಮೆ. ಇನ್ನೊಂದು ವಿಷಯ, ಅಲ್ಲಿ ಭರತ ಇಳಿತ ಅನ್ನೋದು ಕಣ್ಣಿಗೆ ಕಾಣುವುದೇ ಇಲ್ಲ. ನೀರು ಬೆಳಗ್ಗೆ ಇದ್ದಲ್ಲೇ ಸಂಜೆಯೂ ಇರುತ್ತದೆ. ಹಾಗಾಗಿಯೇ ಊರು ನೀರಿನ ಅಂಚಿಗೆ ಇಷ್ಟು ಒತ್ತಿಕೊಂಡು ಕೂರಲು ಸಾಧ್ಯವಾಗಿದೆ. ಕಾಳಿ ನದಿಯ ಅಳಿವೆಯಲ್ಲಿ ದಿನಕ್ಕೆರಡು ಸಲ ನೀರು ಏರಿ ಇಳಿಯುವುದನ್ನು ನೋಡುತ್ತಾ ಬೆಳೆದ ನನಗೆ ಅದು ಸಮುದ್ರ ಅಂತ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಮಾರುಕಟ್ಟೆಯ ಪಕ್ಕದಿಂದಲೇ ಸುವೋಮೆನ್‌ಲಿನ್ನಾ ದ್ವೀಪಕ್ಕೆ ದೋಣಿ ಹೊರಡುತ್ತದೆ. ಬೆಳಗ್ಗೆ ನೋಡಿದ ಕೋಟೆ ಅದೇ. ಟ್ರಾಮಿಗೆ ತೆಗೆದುಕೊಂಡ ಟಿಕೆಟ್ಟೇ ದೋಣಿಗೂ ನಡೆಯುತ್ತದೆ. ಅಂದರೆ ಆ ದೋಣಿ ಪ್ರವಾಸಿಗರ ಮೋಜಿನ ದೋಣಿ ಅಲ್ಲ, ಸಿಟಿ ಬಸ್ಸು ಇದ್ದ ಹಾಗೆ. ನನ್ನ ಪಕ್ಕ ಒಬ್ಬಾಕೆ ಹಾಲು, ಬ್ರೆಡ್ಡು, ಟಾಯ್ಲೆಟ್ ಪೇಪರಿನ ದೊಡ್ಡ ಕಟ್ಟು ಹಿಡಿದುಕೊಂಡು ಕೂತಿದ್ದಳು. ಆಮೇಲೆ ಗೊತ್ತಾಯಿತು, ಆ ಕೋಟೆಯೊಳಗೆ ಸುಮಾರು 800 ಜನ ವಾಸ ಮಾಡುತ್ತಾರೆ. ಹದಿನೈದು ನಿಮಿಷದ ದಾರಿ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಲೇಬೇಕು. ಹದಿನೆಂಟನೇ ಶತಮಾನದಲ್ಲಿ ಫಿನ್‌ಲೆಂಡ್ ಸ್ವೀಡನ್ ರಾಜ್ಯದ ಭಾಗ. ರಷ್ಯಾದ ಭಯ. 1748ರಲ್ಲಿ ಅಗಸ್ಟಿನ್ ಎಹ್ರೆನ್‌ಸ್ವಾರ್ಡ್ ಅನ್ನುವ ಅಧಿಕಾರಿ ಹೆಲ್ಸಿಂಕಿಯ ಎದುರಿನ ದ್ವೀಪಗಳ ಮೇಲೆ ಕೋಟೆ ಕಟ್ಟಲು ಶುರುಮಾಡಿದ. ದ್ವೀಪದ ಬಂಡೆ ಹೇಗೆ ಬಾಗಿದೆಯೋ ಗೋಡೆಯೂ ಹಾಗೇ ಬಾಗುತ್ತಾ ಹೋಗಿದೆ. ಎಹ್ರೆನ್‌ಸ್ವಾರ್ಡ್‌ನ ಸಮಾಧಿ ಕೋಟೆಯ ಅಂಗಳದಲ್ಲೇ ಇದೆ. ಸಮುದ್ರಕ್ಕೆ ಮುಖ ಮಾಡಿದ ರಾಜನ ದ್ವಾರದಲ್ಲಿ ಒಂದು ಮಾತು ಕೆತ್ತಿದ್ದಾರೆ: ಮುಂದಿನ ಪೀಳಿಗೆಯವರೇ, ನಿಮ್ಮ ಸ್ವಂತ ನೆಲದ ಮೇಲೆ ನಿಲ್ಲಿ, ಪರರ ಸಹಾಯ ನಂಬಬೇಡಿ ಅಂತ. ಆದರೆ 1808ರಲ್ಲಿ ರಷ್ಯಾದ ಸೈನ್ಯ ಮುತ್ತಿಗೆ ಹಾಕಿದಾಗ ಕೋಟೆ ಶರಣಾಯಿತು. ಮರುವರ್ಷ ಫಿನ್‌ಲೆಂಡೇ ರಷ್ಯಾದ ಪಾಲಾಯಿತು. 1855ರಲ್ಲಿ ಕ್ರಿಮಿಯಾ ಯುದ್ಧದ ಹೊತ್ತಿಗೆ ಬ್ರಿಟಿಷ್ ಮತ್ತು ಫ್ರೆಂಚ್ ಹಡಗುಗಳು ಬಂದು ಗುಂಡು ಸುರಿಸಿದವು. 1917ರಲ್ಲಿ ಸ್ವಾತಂತ್ರ್ಯ ಬಂತು, ಮರುವರ್ಷವೇ ದೇಶದೊಳಗೇ ಯುದ್ಧ, ಸೋತ ಕೆಂಪು ಬಣದವರನ್ನು, ಅಂದರೆ ಸಮಾಜವಾದಿಗಳ ಕಡೆಯವರನ್ನು ತಂದು ಈ ದ್ವೀಪದಲ್ಲಿ ಕೂಡಿಹಾಕಿದರು. ಹಸಿವಿನಿಂದ, ಕಾಯಿಲೆಯಿಂದ ತುಂಬ ಜನ ಸತ್ತರು. ನಾನು ಹುಲ್ಲಿನ ಮೇಲೆ ಚಪ್ಪಲಿ ಬಿಚ್ಚಿ ಕಾಲು ಚಾಚಿದ ಜಾಗ ಅದೇ ಅನ್ನೋದು ತಿಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಎದ್ದು ನಿಂತೆ.

1973ರಲ್ಲಿ ಸೈನ್ಯ ಇದನ್ನು ನಾಗರಿಕ ಆಡಳಿತಕ್ಕೆ ಬಿಟ್ಟುಕೊಟ್ಟಿತು. 1991ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೋಗಲು ಪ್ರವೇಶ ಶುಲ್ಕ ಇಲ್ಲ, ಗೇಟಿನಲ್ಲಿ ನಿಲ್ಲಿಸಿ ಕೇಳುವವರಿಲ್ಲ. ಒಳಗೆ ಒಂದು ಬಯಲು ಬಂದೀಖಾನೆ ಕೂಡ ಇದೆ, ಅಲ್ಲಿನ ಕೈದಿಗಳು ಕೋಟೆ ಗೋಡೆ ರಿಪೇರಿ ಮಾಡುತ್ತಾರೆ. ಹದಿನೆಂಟನೇ ಶತಮಾನದ ಹಡಗುಕಟ್ಟೆಯಲ್ಲಿ ಇವತ್ತಿಗೂ ಮರದ ಹಡಗುಗಳ ದುರಸ್ತಿ ನಡೆಯುತ್ತದೆ. ನಾನು ಹೋದಾಗ ಒಬ್ಬ ಹಲಗೆಗಳ ಸಂದಿಗೆ ನಾರು ತುಂಬುತ್ತಿದ್ದ, ಅವನ ಕೈ ಓಡುವ ರೀತಿ ನೋಡಿದರೆ ಇಲ್ಲಿ ಕೋಡಿಬಾಗದಲ್ಲಿ ದೋಣಿ ಕಟ್ಟುವವರನ್ನೇ ನೋಡಿದ ಹಾಗಾಯಿತು.

ಒಂದು ಚರ್ಚಿದೆ. 1854ರಲ್ಲಿ ರಷ್ಯನ್ನರು ಸೈನಿಕರಿಗಾಗಿ ಕಟ್ಟಿಸಿದ್ದು. ಸುತ್ತ ಬೇಲಿಗೆ ಹಳೇ ತೋಪುಗಳನ್ನು ನೆಟ್ಟು ಸರಪಳಿ ಕಟ್ಟಿದ್ದಾರೆ. ಅದರ ಗೋಪುರವೇ ದೀಪಸ್ತಂಭ. ರಾತ್ರಿ ಪ್ರತಿ ಸಲವೂ ಸಾಲಾಗಿ ನಾಲ್ಕು ಬಾರಿ ಮಿಣುಕುತ್ತದೆ, ಮೋರ್ಸ್ ಅನ್ನುವ ಸಂಕೇತ ಭಾಷೆಯಲ್ಲಿ ಅದು ಹೆಲ್ಸಿಂಕಿಯ ಮೊದಲ ಅಕ್ಷರ, H. ನಮಗೆ ದೇವಗಡ ದ್ವೀಪದ ದೀಪಸ್ತಂಭ ಇದ್ದ ಹಾಗೆ ಅವರಿಗೆ ಇದು. ಪ್ರಾರ್ಥನೆ ಮಾಡುವ ಜಾಗವೇ ಹಡಗಿಗೂ ದಾರಿ ತೋರಿಸುತ್ತದೆ ಅನ್ನೋದು ನನಗೆ ತುಂಬ ಹಿಡಿಸಿತು.

ಇಷ್ಟು ಹೇಳಿದೆ ಅಂದರೆ ಇದೆಲ್ಲ ಓಡಾಡಿ ನೋಡಿದೆ ಅಂದುಕೊಳ್ಳಬೇಡಿ. ದಾರಿಯಲ್ಲಿ ಸಿಕ್ಕಷ್ಟು ನೋಡಿದೆ. ಹೆಚ್ಚಿನ ಹೊತ್ತು ಕೂತಿದ್ದೆ.

ಬೆಳಗ್ಗೆ ಆ ಮುದುಕ ಕೂತಿದ್ದ ಜಾಗ ದ್ವೀಪದ ದಕ್ಷಿಣದ ತುದಿಯಲ್ಲಿದೆ. ಕುಸ್ತಾನ್‌ಮಿಯೆಕ್ಕಾ ಅಂತಾರೆ. ದೋಣಿ ಇಳಿದಲ್ಲಿಂದ ಸೇತುವೆ ದಾಟಿ ಒಂದೂವರೆ ಕಿಲೋಮೀಟರ್ ನಡೆಯಬೇಕು. ದಾರಿಯುದ್ದಕ್ಕೂ ಬಿಳಿ ಕೆನ್ನೆಯ ಹೆಬ್ಬಾತುಗಳು ಹುಲ್ಲು ಮೇಯುತ್ತಿದ್ದವು, ಮರಿಗಳ ಹತ್ತಿರ ಹೋದರೆ ಬುಸ್ ಅನ್ನುತ್ತವೆ. ಮೂರು ಗಂಟೆಗೆ ಆ ಬಂಡೆ ಸಿಕ್ಕಿತು. ನಯವಾದ ಬಂಡೆ, ಹಿಮಯುಗದಲ್ಲಿ ಮೇಲೆ ಕೂತಿದ್ದ ಮಂಜುಗಡ್ಡೆ ಉಜ್ಜಿ ಉಜ್ಜಿ ನಯ ಮಾಡಿದ್ದು. ಆ ಭಾರ ಹೋಗಿ ಸಾವಿರಾರು ವರ್ಷ ಆದರೂ ಫಿನ್‌ಲೆಂಡಿನ ನೆಲ ಇನ್ನೂ ನಿಧಾನವಾಗಿ ಮೇಲೇಳುತ್ತಿದೆ. ಹೆಲ್ಸಿಂಕಿ ಕಡೆ ವರ್ಷಕ್ಕೆ ಕೆಲವೇ ಮಿಲಿಮೀಟರ್. ಬಿಸಿಲಿಗೆ ಬಂಡೆ ಬೆಚ್ಚಗಾಗಿತ್ತು. ಕೂತೆ.

ಎರಡು ಗಂಟೆ ಕೂತಿದ್ದೆ. ಒಬ್ಬಳೇ. ಕೈಯಲ್ಲಿ ಬಟಾಣಿ. ಯಾರೂ ಬಂದು ಏನು ಮಾಡುತ್ತಿದ್ದೀರಿ ಅಂತ ಕೇಳಲಿಲ್ಲ. ಜೊತೆಗೆ ಯಾರು ಬಂದಿದ್ದಾರೆ ಅಂತ ಕೇಳಲಿಲ್ಲ. ದಿಟ್ಟಿಸಿ ನೋಡಲಿಲ್ಲ. ಇಲ್ಲಿರುವ ಹೆಣ್ಣುಮಕ್ಕಳಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ನಾನು ಈ ಊರಿನಲ್ಲೇ ಹುಟ್ಟಿದವಳು, ಐವತ್ತೆಂಟು ವರ್ಷ ಸಮುದ್ರದ ಪಕ್ಕ ಬದುಕಿದವಳು. ಒಬ್ಬಳೇ ಮರಳಿನ ಮೇಲೆ ಎರಡು ಗಂಟೆ ಸುಮ್ನೆ ಕೂತ ಒಂದು ದಿನವೂ ನನಗೆ ನೆನಪಿಲ್ಲ. ಕೂತರೆ ಅರ್ಧ ಗಂಟೆಯೊಳಗೆ ಗುರುತಿನವರು ಯಾರಾದರೂ ಬರುತ್ತಾರೆ, ಏನಮ್ಮಾ, ಮನೇಲಿ ಎಲ್ಲ ಆರಾಮಾ, ಯಾಕೆ ಒಬ್ಬರೇ ಅಂತ. ಅವರು ಪ್ರೀತಿಯಿಂದಲೇ ಕೇಳುವುದು, ಅದು ನನಗೆ ಗೊತ್ತು. ಆದರೂ ಉತ್ತರ ಕೊಟ್ಟು ಎದ್ದು ಹೋಗಬೇಕಾಗುತ್ತದೆ.

ಐದು ಗಂಟೆಯ ಆಸುಪಾಸಿಗೆ ಹಡಗು ಬಂತು. ಸಂಜೆಯ ಹಡಗು, ಸ್ಟಾಕ್‌ಹೋಮಿಗೆ ಹೊರಟದ್ದು. ಮೊದಲು ಎಂಜಿನ್ನಿನ ಸದ್ದು ಬಂಡೆಯಲ್ಲಿ ಕೇಳಿಸುತ್ತದೆ, ಕಿವಿಗೆ ಆಮೇಲೆ. ನಂತರ ಕೋಟೆಯ ಹಿಂದಿನಿಂದ ಬಿಳಿ ಗೋಡೆ ಹೊರಬರುತ್ತದೆ, ಬರುತ್ತಲೇ ಇರುತ್ತದೆ, ಆಕಾಶ ಮುಚ್ಚುತ್ತದೆ. ಮೇಲೆ ಕಂಬಿ ಹಿಡಿದು ನಿಂತ ಜನ. ನಾನು ಎದ್ದು ನಿಂತು ಕೈ ಬೀಸಿದೆ. ಯಾರಿಗೂ ಅಲ್ಲ, ಎಲ್ಲರಿಗೂ. ಇಡೀ ಸಾಲೇ ತಿರುಗಿ ಬೀಸಿತು. ನನಗೆ ಕಣ್ಣಲ್ಲಿ ನೀರು ಬಂತು ಅಂತ ಹೇಳಲು ಸಂಕೋಚ ಇಲ್ಲ.

ಆ ಸಂದಿಯ ಆಚೆ ಕಡೆ ಇರುವ ದ್ವೀಪ ವಲ್ಲಿಸಾರಿ. ಅದೂ ಸೈನ್ಯದ ಕೈಯಲ್ಲಿದ್ದದ್ದು, 2016ರಲ್ಲಿ ಜನರಿಗೆ ತೆರೆದರು. ಅದನ್ನು ನೋಡುತ್ತಾ ನನಗೆ ನಮ್ಮ ಅಂಜದೀವ ನೆನಪಾಯಿತು. ಬಿಣಗಾ ಕಡೆಗೆ ಹೋದಾಗ ಅಪ್ಪ ಬೆರಳು ಮಾಡಿ ತೋರಿಸುತ್ತಿದ್ದರು. 1498ರಲ್ಲಿ ವಾಸ್ಕೊ ಡ ಗಾಮ ಬಂದು ನಿಂತ ದ್ವೀಪ, ಪೋರ್ಚುಗೀಸರ ಕೋಟೆ ಇದೆ, ಇಗರ್ಜಿ ಇದೆ. ಈಗ ನೌಕಾನೆಲೆಯೊಳಗೆ ಸೇರಿದೆ, ಹಾಗೆಲ್ಲ ಹೋಗುವಂತಿಲ್ಲ. ದೇಶದ ಕಾವಲು ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆ ನೌಕಾನೆಲೆಗಾಗಿ ಮನೆ, ಗದ್ದೆ, ದೇವಸ್ಥಾನ ಬಿಟ್ಟು ಬಂದವರು ಇವತ್ತು ಇಲ್ಲೇ ಕೂತಿದ್ದೀರಿ. ಆದರೆ ಅವರ ಸೈನ್ಯದ ದ್ವೀಪಗಳು ಒಂದೊಂದಾಗಿ ಜನರಿಗೆ ಬಂದದ್ದನ್ನು ನೋಡಿದಾಗ ನನಗೆ ಆಸೆಯಾಯಿತು. ನನ್ನ ಕಾಲದಲ್ಲಿ ಆಗದಿದ್ದರೂ ಮೊಮ್ಮಕ್ಕಳ ಕಾಲದಲ್ಲಾದರೂ ಅಂಜದೀವಕ್ಕೆ ಒಂದು ಟಿಕೆಟ್ ತೆಗೆದುಕೊಂಡು ದೋಣಿ ಹತ್ತುವ ಹಾಗಾಗಲಿ.

ನಗರದ ದಂಡೆ ಯಾರಿಗೆ ಸೇರಬೇಕು ಅನ್ನೋ ಜಗಳ ಅಲ್ಲೂ ಇದೆ. ಮಾರುಕಟ್ಟೆಯ ಪಕ್ಕದ ಬಂದರಿನಲ್ಲಿ ಅಮೆರಿಕದ ಗುಗೆನ್‌ಹೈಮ್ ಸಂಸ್ಥೆಯ ಕಲಾ ಮ್ಯೂಸಿಯಂ ಕಟ್ಟುವ ಯೋಜನೆ ಬಂದಿತ್ತು. ವರ್ಷಗಟ್ಟಲೆ ಚರ್ಚೆ ನಡೆದು, 2016ರಲ್ಲಿ ನಗರಸಭೆ 53–32 ಮತಗಳಿಂದ ಬೇಡ ಅಂದಿತು. ಮುಖ್ಯವಾಗಿ ಖರ್ಚಿನ ವಿಷಯ. ಆದರೆ ಒಂದು ಊರು ತನ್ನ ದಂಡೆಯ ಬಗ್ಗೆ ಇಷ್ಟು ವರ್ಷ ಕೂತು ವಾದ ಮಾಡಿತಲ್ಲ, ನನಗೆ ಅದೇ ದೊಡ್ಡ ವಿಷಯ ಅನ್ನಿಸಿತು. ಸುಮಾರು 130 ಕಿಲೋಮೀಟರ್ ದಂಡೆ ಆ ಊರಿಗಿದೆ, 300 ದ್ವೀಪಗಳಿವೆ. ಅದರಲ್ಲಿ ಹೆಚ್ಚಿನ ಕಡೆ ನೀವು ಹೋಗಿ ಕೂರಬಹುದು, ಏನನ್ನೂ ಕೊಳ್ಳದೆ.

ಆರೂವರೆಗೆ ದೋಣಿಯಲ್ಲಿ ವಾಪಸ್ ಬಂದೆ. ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಹತ್ತು ಗಂಟೆಯ ಮೇಲೆ. ಆರೂವರೆ ಅಂದರೆ ನಮ್ಮ ಮೂರು ಗಂಟೆಯ ಬಿಸಿಲು. ಮಧ್ಯಾಹ್ನವೇ ಮುಗಿದಿರಲಿಲ್ಲ ಅನ್ನಿ. ದಂಡೆಗುಂಟ ದಕ್ಷಿಣಕ್ಕೆ ನಡೆಯುತ್ತಾ ಕೈವೊಪುಯಿಸ್ಟೊ ಅನ್ನುವ ಪಾರ್ಕಿಗೆ ಬಂದೆ. ಅಲ್ಲಿ ನೀರಿನ ಹತ್ತಿರ ಒಂದು ಮರದ ಅಟ್ಟಣೆ. ಅದರ ಮೇಲೆ ಉದ್ದನೆಯ ಮೇಜುಗಳು. ನಾಲ್ಕೈದು ಜನ ಮಂಡಿಯವರೆಗೆ ಪ್ಯಾಂಟು ಮಡಚಿಕೊಂಡು ಜಮಖಾನ ತೊಳೆಯುತ್ತಿದ್ದರು.

ನಿಜ. ರಾಜಧಾನಿಯಲ್ಲಿ, ಒಳ್ಳೊಳ್ಳೆ ಮನೆಗಳಿರುವ ಬಡಾವಣೆಯಲ್ಲಿ, ಸಮುದ್ರದ ದಂಡೆಯಲ್ಲಿ ಜನ ಬಂದು ತಮ್ಮ ಮನೆಯ ಜಮಖಾನ ತಾವೇ ತಿಕ್ಕುತ್ತಾರೆ. ಇದಕ್ಕಾಗಿಯೇ ನಗರಾಡಳಿತ ಜಾಗ ಮಾಡಿಕೊಟ್ಟಿದೆ. ಮಟ್ಟೊಲೈತುರಿ ಅಂತಾರೆ, ಜಮಖಾನದ ಕಟ್ಟೆ ಅಂತ ಅರ್ಥ. ತಿಕ್ಕುವುದು ಪೈನ್ ಮರದ ಎಣ್ಣೆಯ ಸೋಪಿನಲ್ಲಿ. ಈಗ ಬಾಲ್ಟಿಕ್ ಕೊಳೆಯಾಗಬಾರದು ಅಂತ ಕೊಳೆನೀರು ಚರಂಡಿಗೆ ಹೋಗುವ ಹಾಗೆ ದಂಡೆಯ ಮೇಲೆ ಕಟ್ಟೆಗಳನ್ನು ಮಾಡುತ್ತಿದ್ದಾರೆ. ಆ ಜಮಖಾನಗಳೂ ಹೇಗಿರುತ್ತವೆ ಗೊತ್ತಾ? ಹಳೇ ಅಂಗಿ, ಹಳೇ ಹಾಸಿಗೆ ಬಟ್ಟೆ ಉದ್ದಕ್ಕೆ ಹರಿದು ಪಟ್ಟಿ ಮಾಡಿ ಮಗ್ಗದಲ್ಲಿ ನೇಯ್ದದ್ದು. ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿಗೆ ಹಳೇ ಸೀರೆ ಹೋದ ಹಾಗೆ. ಯಾವ ಪಟ್ಟಿ ಯಾರ ಅಂಗಿ ಅಂತ ಮನೆಯವರಿಗೆ ಗೊತ್ತಿರುತ್ತದೆ.

ನಾನು ಕೂತು ನೋಡುತ್ತಿದ್ದೆ. ಒಬ್ಬ ಹೆಂಗಸು, ನನ್ನದೇ ವಯಸ್ಸು ಇರಬಹುದು, ನೀರು ಕುಡಿದು ಭಾರವಾದ ಜಮಖಾನವನ್ನು ಹಿಂಡುವ ಯಂತ್ರದ ಹತ್ತಿರ ಎಳೆದು ತಂದಳು. ಎರಡು ಉರುಳೆ, ಒಂದು ಹಿಡಿಕೆ. ಥೇಟ್ ಕಬ್ಬಿನ ಗಾಣ. ನನ್ನ ಕಡೆ ನೋಡಿ ಒಂದು ತುದಿ ಎತ್ತಿ ಹಿಡಿದಳು, ಮಾತಿಲ್ಲ. ನಾನು ಎದ್ದು ಹೋಗಿ ತುದಿ ಹಿಡಿದುಕೊಂಡೆ. ಅವಳು ಹಿಡಿಕೆ ತಿರುಗಿಸಿದಳು, ಆಚೆಯಿಂದ ನಾನು ಎಳೆದೆ. ಮೂರು ಜಮಖಾನ ಹಿಂಡಿದೆವು. ಕುರ್ತಾದ ತೋಳು ಪೂರ್ತಿ ಒದ್ದೆ. ಮುಗಿದ ಮೇಲೆ ಅವಳು ಕೀಟೊಸ್ ಅಂದಳು, ಥ್ಯಾಂಕ್ಸ್ ಅಂತ. ಮತ್ತೆ ತನ್ನ ಡಬ್ಬಿಯಿಂದ ಒಂದು ಬನ್ನು ಕೊಟ್ಟಳು. ಕಚ್ಚಿದರೆ ಏಲಕ್ಕಿ! ಅವರ ಸಿಹಿ ಬನ್ನಿಗೆ, ಪುಲ್ಲ ಅಂತಾರೆ, ಏಲಕ್ಕಿ ಇಲ್ಲದಿದ್ದರೆ ಆಗುವುದೇ ಇಲ್ಲವಂತೆ. ಏಲಕ್ಕಿ ಬೆಳೆಯಲು ಸಾಧ್ಯವೇ ಇಲ್ಲದ ಆ ಚಳಿಯ ದೇಶದಲ್ಲಿ, ನಮ್ಮ ಮಲೆನಾಡಿನ ಅಡುಗೆಮನೆ ವಾಸನೆ. ಆ ಹೆಂಗಸಿನ ಹೆಸರು ಕೇಳಲೇ ಇಲ್ಲ ನಾನು. ಅವಳೂ ಕೇಳಲಿಲ್ಲ.

ಆಮೇಲೆ ಹತ್ತೂವರೆಯವರೆಗೂ ಬೆಳಕಿತ್ತು.

ಇಷ್ಟೇ ನನ್ನ ಮಧ್ಯಾಹ್ನ. ಈಗ ನಿಮ್ಮ ಪ್ರಶ್ನೆ ಏನಾದರೂ ಇದ್ದರೆ ಕೇಳಿ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ಚಳಿಗಾಲದಲ್ಲೂ ಹೀಗೇ ಇರುತ್ತದಾ ಅಂತ. ಇಲ್ಲ. ಡಿಸೆಂಬರಿನಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಸಮುದ್ರ ಹೆಪ್ಪುಗಟ್ಟುತ್ತದೆ, ಹಡಗುಗಳು ಮಂಜು ಸೀಳಿಕೊಂಡು ಬರುತ್ತವೆ. ನಾನು ನೋಡಿದ್ದು ವರ್ಷದ ಅತಿ ಒಳ್ಳೆಯ ದಿನಗಳಲ್ಲಿ ಒಂದನ್ನು. ಅಲ್ಲಿನವರು ಬಂಡೆ ಮೇಲೆ ಅಷ್ಟು ಮನಸ್ಸಿಟ್ಟು ಕೂರುವುದಕ್ಕೆ ಅದೂ ಕಾರಣ ಇರಬೇಕು, ಆ ಬಿಸಿಲು ಕೆಲವೇ ತಿಂಗಳು.

ಕುಡಿಯುವ ನೀರು ಕೊಂಡುಕೊಳ್ಳಬೇಕಾ ಅಂತ ಇನ್ನೊಬ್ಬರು. ಬೇಡವೇ ಬೇಡ. ಪೈಯನ್ನೆ ಅನ್ನುವ ಸರೋವರದಿಂದ ಬಂಡೆ ಕೊರೆದ 120 ಕಿಲೋಮೀಟರ್ ಸುರಂಗದಲ್ಲಿ ಊರಿಗೆ ನೀರು ಬರುತ್ತದೆ. ನಲ್ಲಿಯಲ್ಲಿ ಹಿಡಿದು ಕುಡಿಯಬಹುದು.

ಕೊನೆಗೆ ಮುಂದೆ ಕೂತಿದ್ದ ಕಾಲೇಜು ಹುಡುಗಿ ಎದ್ದು ನಿಂತು ಕೇಳಿದಳು, ಆಂಟಿ, ನಾನು ಒಬ್ಬಳೇ ಹೋದರೆ ಏನು ಮಾಡಲಿ, ಎಲ್ಲಿಂದ ಶುರು ಮಾಡಲಿ ಅಂತ. ಅವಳಿಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಗಾಳಿ ತಡೆಯುವ ಜಾಕೆಟ್ ಇಟ್ಟುಕೊಳ್ಳಮ್ಮಾ, ಜುಲೈ ಆದರೂ ನೀರಿನ ಮೇಲಿನ ಗಾಳಿ ತಣ್ಣಗಿರುತ್ತದೆ. ಒಂದು ಲೀಟರ್ ಬಟಾಣಿ ತಗೋ. ದಿನದ ಟಿಕೆಟ್ ತಗೊಂಡು ದೋಣಿ ಹತ್ತು. ನಾಲ್ಕೂವರೆ ಒಳಗೆ ಕುಸ್ತಾನ್‌ಮಿಯೆಕ್ಕಾ ತುದಿಗೆ ಹೋಗಿ, ಬಿಸಿಲು ಬಿದ್ದಿರುವ ಬಂಡೆ ನೋಡಿ ಕೂತುಕೋ. ಹಡಗು ಬಂದಾಗ ಎದ್ದು ನಿಂತು ಕೈ ಬೀಸು.